ಮಗುವಿನ ಮುಖ, ಬಯಲುಸೀಮೆಯ ಬೆಳಕು

ಡಿಜಿಟಲ್ ಕ್ಯಾಮೆರಾಗಳ ಈ ಕಾಲದಲ್ಲಿಯೂ ಕಪ್ಪು-ಬಿಳುಪು ಫಿಲ್ಮಿನ ಮೇಲಣ ಒಲವು ಕೆಲವು ತರುಣರಲ್ಲಿ ಮತ್ತೆ ಚಿಗುರಿದೆ. ಮನೆಯ ಕೂಸಿನ ಭಾವಚಿತ್ರವೇ ಅವರ ಮೊದಲ ಪ್ರಯೋಗ. ಚಿತ್ರ ಕೆಟ್ಟರೆ ಅವರು ಮೊದಲು ದೂರುವುದು ಕ್ಯಾಮೆರಾವನ್ನು, ಆಮೇಲೆ ಫಿಲ್ಮನ್ನು. ನಮ್ಮ ಅಭಿಪ್ರಾಯದಲ್ಲಿ ಇವೆರಡೂ ಬಹುಮಟ್ಟಿಗೆ ನಿರಪರಾಧಿಗಳು. ದೋಷವಿರುವುದು ಬೆಳಕಿನ ಆಯ್ಕೆಯಲ್ಲಿ. ಅದಕ್ಕಿಂತ ಮಿಗಿಲಾಗಿ, ಮಗುವಿನ ಮೈಬಣ್ಣದ ವಿಷಯದಲ್ಲಿ ಹಿರಿಯರಿಗಿರುವ ಸಂಕೋಚದಲ್ಲಿ.

ರಾಯಚೂರು ಜಿಲ್ಲೆಯ ಕುರ್ಡಿಯಂಥ ಊರನ್ನು ತೆಗೆದುಕೊಳ್ಳೋಣ. ಕೃಷ್ಣಾ ತುಂಗಭದ್ರೆಗಳ ನಡುವಣ ಆ ಬಯಲಿನಲ್ಲಿ ಬೇಸಗೆಯ ನಡುಹಗಲಿನ ಸೂರ್ಯ ಬಹುಮಟ್ಟಿಗೆ ನೆತ್ತಿಯ ಮೇಲೆಯೇ ಇರುತ್ತಾನೆ. ಅಂಗಳದಲ್ಲಿ ನಿಲ್ಲಿಸಿದ ಮಗುವಿನ ಹಣೆಯೂ ಮೂಗಿನ ತುದಿಯೂ ಬೆಳ್ಳಗೆ ಹೊಳೆದು ಕಣ್ಣುಗಳು ಕಪ್ಪು ಗುಳಿಗಳಾಗುತ್ತವೆ. ಎರೆನೆಲವಾದರೆ ಬೆಳಕನ್ನು ತಾನೇ ಹೀರಿಕೊಳ್ಳುವುದರಿಂದ ಕೆಳಗಿನಿಂದಲೂ ಮುಖಕ್ಕೆ ನೆರವಿಲ್ಲ. ಅದೇ ಮಗುವನ್ನು ಹೊಸ್ತಿಲಿನಿಂದ ಎರಡು ಅಡಿ ಒಳಗೆ ಕುಳ್ಳಿರಿಸಿ, ಮುಖವನ್ನು ಹೊರಗಿನ ಆಕಾಶಕ್ಕೆ ತಿರುಗಿಸಿ, ನೆರಳಿನ ಬದಿಗೆ ಒಂದು ಬಿಳಿಯ ಪಂಚೆಯನ್ನು ಹಿಡಿದು ನೋಡಿ. ಐಎಸ್‌ಒ 400 ವೇಗದ ಫಿಲ್ಮಿಗೆ ಎಫ್/4 ರಂಧ್ರ, ಸೆಕೆಂಡಿನ 1/125 ಭಾಗ ಎಂದು ಆರಂಭಿಸಬಹುದು. ಕೂಸು ಅಲುಗಾಡದೆ ಕೂರುವುದಿಲ್ಲವಾದ್ದರಿಂದ ಇದಕ್ಕಿಂತ ನಿಧಾನ ಸಲ್ಲದು. ಛಾಯಾಗ್ರಾಹಕನೂ ನೆಲದ ಮೇಲೆ ಕುಳಿತು ಮಸೂರವನ್ನು ಮಗುವಿನ ಕಣ್ಣಿನ ಮಟ್ಟಕ್ಕೆ ತರಬೇಕು.

ಮೈಸೂರಿನ ಟಿ. ಎಸ್. ಸತ್ಯನ್ (1923-2009) ಅವರ ಮಕ್ಕಳ ಚಿತ್ರಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಯುನಿಸೆಫ್ ಸಂಸ್ಥೆ ಅವುಗಳ ಪ್ರದರ್ಶನವನ್ನು ನ್ಯೂಯಾರ್ಕಿನಲ್ಲಿ ಏರ್ಪಡಿಸಿತ್ತು.

ಸೆಕೆಯ ಉಪದ್ರವ ಇನ್ನೊಂದು. ಫಿಲ್ಮನ್ನು ತೊಳೆಯುವ ದ್ರಾವಣಕ್ಕೆ ಸಾಮಾನ್ಯವಾಗಿ ಗೊತ್ತುಮಾಡಿರುವ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ರಾಯಚೂರಿನ ಬೇಸಗೆಯಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ಮುಟ್ಟುತ್ತದೆ. ಬೆಚ್ಚನೆಯ ದ್ರಾವಣದ ಕ್ರಿಯೆ ತೀವ್ರವಾದುದರಿಂದ ಕಾಲವನ್ನು ಕಡಿಮೆ ಮಾಡದಿದ್ದರೆ ಮುಖ ಸುಣ್ಣ ಬಳಿದಂತಾಗುತ್ತದೆ. ಸೀಸೆಯನ್ನು ಮಂಜುಗಡ್ಡೆಯ ನೀರಿನಲ್ಲಿ ಇರಿಸಿ ತಣಿಸಬೇಕು. ಕೊನೆಯ ನೀರೂ ಅಷ್ಟೇ ತಣ್ಣಗಿರಲಿ.

ಇನ್ನು ಪೌಡರಿನ ಮಾತು. ಬೆಳ್ಳಿಯ ಲವಣಗಳು ಸ್ವಭಾವತಃ ನೀಲಿಯ ಕಡೆಯ ಬೆಳಕಿಗೆ ಮಾತ್ರ ಮಿಡಿಯುತ್ತವೆ. ಅವು ಹಸಿರಿಗೂ ಮಿಡಿಯುವಂತೆ ಮಾಡಿದ್ದ ಹಳೆಯ ಆರ್ಥೊಕ್ರೊಮ್ಯಾಟಿಕ್ ಫಿಲ್ಮುಗಳಿಗೆ ಕೆಂಪು ಕಾಣುತ್ತಿರಲಿಲ್ಲ. ಅವುಗಳಲ್ಲಿ ಕುಂಕುಮ ಮಸಿಯಾಗುತ್ತಿತ್ತು. ಕಂದು ಮೈ ಇದ್ದುದಕ್ಕಿಂತ ಕಪ್ಪಾಗುತ್ತಿತ್ತು. ಆಗ ಪೌಡರು ಬಳಿದವರಿಗೆ ಒಂದು ನೆಪವಾದರೂ ಇತ್ತು. ಕೆಂಪಿಗೂ ಮಿಡಿಯುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮು ಬಂದ ಮೇಲೆ ಅದೂ ಉಳಿದಿಲ್ಲ. ಆದರೂ ಮುಖಕ್ಕೆ ಪೌಡರು ಬಳಿಯುವುದು, ಸಾಲದೆ ಮುದ್ರಿಸುವಾಗ ಮತ್ತಷ್ಟು ಬಿಳುಪುಗೊಳಿಸುವುದು ನಿಂತಿಲ್ಲ. ಇದನ್ನು ಸುಧಾರಣೆಯೆಂದು ನಾವು ಒಪ್ಪಲಾರೆವು. ಕೆನ್ನೆಯ ದುಂಡು, ಗಲ್ಲದ ಕುಳಿ ಎಲ್ಲವೂ ಬೂದುಬಣ್ಣದ ಸೂಕ್ಷ್ಮ ಅಂತರಗಳಿಂದಲೇ ತೋರತಕ್ಕವು. ಪೌಡರು ಅವನ್ನೇ ಅಳಿಸುತ್ತದೆ. ಮೇಲಾಗಿ ಆ ಮಗು ಬೆಳೆದು ಚಿತ್ರವನ್ನು ನೋಡಿದಾಗ, ತನ್ನ ಬಣ್ಣ ಮುಚ್ಚಿಡಬೇಕಾದದ್ದಾಗಿತ್ತು ಎಂದು ತಿಳಿಯಬೇಕೆ?

ಕಂದು ಮುಖಕ್ಕೆ ಬೇಕಾದುದು ಸರಿಯಾದ ಅಳತೆ. ಬಿಳಿಯ ಅಂಗಿ ಅಥವಾ ಸುಣ್ಣದ ಗೋಡೆಯ ಬೆಳಕನ್ನು ಮಾಪಕ ಅಳೆದರೆ ಫಿಲ್ಮಿಗೆ ಬೆಳಕು ಸಾಲದು. ಮುಖದ ಹತ್ತಿರ ಹಿಡಿದೇ ಅಳೆಯಬೇಕು. ಸಂದೇಹವಿದ್ದರೆ ಒಂದು ಹಂತ ಹೆಚ್ಚಾಗಲಿ. ತುಸು ಹೆಚ್ಚಾದ ಬೆಳಕನ್ನು ನೆಗೆಟಿವ್ ತಾಳಿಕೊಳ್ಳುತ್ತದೆ. ನೆರಳಿನಲ್ಲಿ ಮೂಡದೇ ಹೋದ ವಿವರವನ್ನು ಯಾವ ಮುದ್ರಣವೂ ಮರಳಿ ತರಲಾರದು.