ಮನೆವಾರ್ತೆ: ಬೇಸಗೆಗೆ ಕೂಡಿಟ್ಟ ನಿಂಬೆರಸ

ಸುರಪುರ ತಾಲ್ಲೂಕಿನ ಬೋನಾಳದ ಕೆರೆಗೆ ಚಳಿಗಾಲದಲ್ಲಿ ಹಕ್ಕಿಗಳು ಬಂದಿಳಿಯುತ್ತವೆ. ಅವನ್ನು ನೋಡಲು ದೂರದೂರಿನ ನೆಂಟರೂ ಬರುತ್ತಾರೆ. ಆದರೆ ಅತಿಥಿಸತ್ಕಾರದ ನಿಜವಾದ ಪರೀಕ್ಷೆ ಆಗುವುದು ಬೇಸಗೆಯಲ್ಲಿ. ಯಾದಗಿರಿ ಸೀಮೆಯ ಬಿಸಿಲು 40 ಡಿಗ್ರಿಯನ್ನು ದಾಟಿದಾಗ, ಹೊಸ್ತಿಲು ತುಳಿದವರಿಗೆ ಮೊದಲು ತಂಬಿಗೆ ನೀರು, ಅದರ ಬೆನ್ನಿಗೇ ಒಂದು ಲೋಟ ಷರಬತ್ತು ಕೊಡುವುದು ಮನೆತನದ ಮರ್ಯಾದೆ. ಯುಗಾದಿಯ ದಿನ ಕುಡಿಯುವ ಬೇವೂ, ರಮಜಾನಿನ ಸಂಜೆಯ ಷರಬತ್ತೂ ಈ ನಾಡಿನ ಬಾಯಾರಿಕೆಯನ್ನು ಬಲ್ಲ ಪಾನೀಯಗಳೇ.

ಇಲ್ಲೊಂದು ತೊಡಕುಂಟು. ನಿಂಬೆ ಹೆಚ್ಚಾಗಿ ಬೇಕಾಗುವ ಏಪ್ರಿಲ್, ಮೇ ತಿಂಗಳುಗಳಲ್ಲಿಯೇ ಅದರ ಬೆಲೆ ಗಗನಕ್ಕೇರುವುದು. ಬಂದವರ ತಲೆ ಎಣಿಸಿ ಅರ್ಧರ್ಧ ಹೋಳು ಹಿಂಡುವ ಸಂಕೋಚ ಎಷ್ಟೋ ಗೃಹಿಣಿಯರಿಗೆ ಪರಿಚಿತ. ಮಳೆಗಾಲದಲ್ಲಾದರೋ ಅದೇ ಹಣ್ಣು ಸಂತೆಯಲ್ಲಿ ರಾಶಿ ಬೀಳುವುದು. ನಿಂಬೆಗೆ ಹೆಸರಾದ ನೆರೆಯ ವಿಜಯಪುರ ಜಿಲ್ಲೆಯ ಇಂಡಿಯ ಬೆಳೆಗಾರನಿಗೂ ಆಗ ಕೈಗೆ ಬರುವ ಹಣ ಕಡಿಮೆ. ಅಗ್ಗದ ದಿನಗಳಲ್ಲಿ ಕೊಂಡು ರಸವನ್ನು ಶೀಶೆಯಲ್ಲಿ ಕೂಡಿಟ್ಟರೆ ಕೊಂಡವರಿಗೂ ಬೆಳೆದವರಿಗೂ ಹಿತ.

ಹೀಗೆ ಕಾಪಿಟ್ಟ ತಿಳಿಯಾದ ಸಿಹಿರಸಕ್ಕೆ ಕಾರ್ಡಿಯಲ್ ಎಂದು ಹೆಸರು. ತಿರುಳು ಉಳಿದಿದ್ದರೆ ಅದು ಸ್ಕ್ವಾಷ್. ಇದರ ಹಿಂದೆ ಹಡಗಿನ ಕಥೆಯೊಂದಿದೆ. ತಿಂಗಳುಗಟ್ಟಲೆ ಕಡಲಿನಲ್ಲಿರುವ ನಾವಿಕರಿಗೆ ವಸಡು ಕೊಳೆಯುವ ಸ್ಕರ್ವಿ ರೋಗ ತಗಲುತ್ತಿತ್ತು. ಕಿತ್ತಳೆ, ನಿಂಬೆಗಳಿಂದ ಅದು ಗುಣವಾಗುವುದನ್ನು ಜೇಮ್ಸ್ ಲಿಂಡ್ ಎಂಬ ವೈದ್ಯನು 1747ರಲ್ಲಿ ಪರೀಕ್ಷಿಸಿ ಕಂಡುಕೊಂಡನು. ರಸ ಕೆಡದಿರಲೆಂದು ಆಗ ಅದಕ್ಕೆ ಮದ್ಯ ಬೆರೆಸುತ್ತಿದ್ದರು. 1867ರಲ್ಲಿ ಸ್ಕಾಟ್ಲೆಂಡಿನ ಲೀತ್ ಪಟ್ಟಣದ ಲಾಕ್ಲನ್ ರೋಸ್ ಎಂಬುವನು ಮದ್ಯವಿಲ್ಲದೆ ರಸವನ್ನು ಕಾಪಿಡುವ ವಿಧಾನಕ್ಕೆ ಪೇಟೆಂಟ್ ಪಡೆದನು. ಇಂದು ಹೊರದೇಶಗಳಲ್ಲಿ ಅದನ್ನು ಮದ್ಯಕ್ಕೆ ಬೆರೆಸುವವರುಂಟು. ಆದರೆ ಅದು ಹುಟ್ಟಿದ್ದು ಮದ್ಯವನ್ನು ಬಿಡುವ ಸಲುವಾಗಿಯೇ!

ಮಾಡುವ ಕ್ರಮ ಕಷ್ಟದ್ದಲ್ಲ, ಶುಚಿತ್ವ ಮಾತ್ರ ಬೇಕು. 1 ಲೀಟರ್ ರಸಕ್ಕೆ ಸುಮಾರು 2½ರಿಂದ 3 ಕಿಲೋ ಹಣ್ಣು ಹಿಡಿಯುವುದು. ಹಣ್ಣನ್ನು ತೊಳೆದು, ಒರಸಿ, ಹಗುರವಾಗಿ ಹಿಂಡಬೇಕು. ಸಿಪ್ಪೆ ಜಜ್ಜುವಂತೆ ಹಿಂಡಿದರೆ ಅದರ ಎಣ್ಣೆಯಿಂದ ರಸ ಕಹಿಯಾಗುವುದು. ತಾಮ್ರ, ಹಿತ್ತಾಳೆ, ಅಲ್ಯುಮಿನಿಯಂ ಪಾತ್ರೆಗಳು ಹುಳಿಗೆ ಸಲ್ಲವು; ಗಾಜು ಅಥವಾ ಸ್ಟೀಲು ಮೇಲು. ಸೋಸಿದ ರಸವನ್ನು ಒಂದು ರಾತ್ರಿ ಗಾಜಿನ ಪಾತ್ರೆಯಲ್ಲಿ ತಣ್ಣಗೆ ಇಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನಷ್ಟೇ ಬಸಿದುಕೊಳ್ಳಬೇಕು.

ಆ ತಿಳಿ 1 ಲೀಟರ್ ಇದ್ದರೆ, 1.1 ಲೀಟರ್ ನೀರಿಗೆ 1¼ ಕಿಲೋ ಸಕ್ಕರೆ ಹಾಕಿ ಕುದಿಸಿ, ಸೋಸಿ, ಪೂರ್ತಿ ಆರಿಸಬೇಕು. ಆರಿದ ಮೇಲೆಯೇ ರಸ ಬೆರೆಸುವುದು. ಬಿಸಿ ಪಾಕಕ್ಕೆ ಹೊಯ್ದರೆ ಪರಿಮಳವೂ ಸಿ ಜೀವಸತ್ವವೂ ಕುಂದುತ್ತವೆ. ನೀರಿನಲ್ಲಿ ಕುದಿಸಿ ಒಣಗಿಸಿದ ಶೀಶೆಗಳಲ್ಲಿ, ಬಾಯಿಯ ಕೆಳಗೆ ಒಂದು ಅಂಗುಲ ಬಿಟ್ಟು ತುಂಬಿ ಬಿರಡೆ ಹಾಕಬೇಕು. ಇದನ್ನು ಶೀತಕ ಪೆಟ್ಟಿಗೆಯಲ್ಲಿಟ್ಟು ಎರಡು ಮೂರು ವಾರಗಳಲ್ಲಿ ಮುಗಿಸುವುದು ಲೇಸು. ತಿಂಗಳುಗಳ ಕಾಲ ಇಡಬೇಕಾದರೆ ಪ್ರತಿ ಲೀಟರ್ ಸಿದ್ಧರಸಕ್ಕೆ 0.6 ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟನ್ನು ತುಸು ನೀರಿನಲ್ಲಿ ಕರಗಿಸಿ ಸೇರಿಸುವುದುಂಟು. ಇದನ್ನು ಕಣ್ಣಂದಾಜಿನಲ್ಲಿ ಹಾಕಲಾಗದು, ತೂಗಿಯೇ ಹಾಕಬೇಕು. ಇದರಿಂದ ಕೆಲವು ಉಬ್ಬಸ ರೋಗಿಗಳಿಗೆ ಉಸಿರು ಕಟ್ಟುವುದುಂಟು. ಅಂಥವರಿರುವ ಮನೆಯಲ್ಲಿ ಇದನ್ನು ಬಿಡುವುದೇ ಕ್ಷೇಮ. ಗುಳ್ಳೆಯೆದ್ದು ಹುದುಗಿನ ವಾಸನೆ ಬಂದ ಶೀಶೆಯನ್ನು ಮರುಕವಿಲ್ಲದೆ ಚೆಲ್ಲಬೇಕು.

ಇನ್ನು ಬೆರೆಸುವ ಬಗೆ. 30 ಮಿಲಿಲೀಟರ್ ಕಾರ್ಡಿಯಲ್ಲಿಗೆ 150 ಮಿಲಿಲೀಟರ್ ತಣ್ಣೀರು ಸಾಮಾನ್ಯ ಅಳತೆ. ಸೋಡಾ ಬೆರೆಸುವುದಾದರೆ ಕಾರ್ಡಿಯಲ್ಲನ್ನೂ ಮಂಜುಗಡ್ಡೆಯನ್ನೂ ಮೊದಲು ಹಾಕಿ, ಸೋಡಾವನ್ನು ಕೊನೆಗೆ ಲೋಟದ ಅಂಚಿನಿಂದ ಇಳಿಬಿಟ್ಟು ಒಮ್ಮೆ ಮಾತ್ರ ಕಲಕಬೇಕು. ಹೆಚ್ಚು ಕಲಕಿದರೆ ಸೋಡಾದ ಚುರುಕು ಹಾರಿಹೋಗುವುದು. ಅರ್ಧ ಚಮಚ ಶುಂಠಿರಸ, ಹುರಿದ ಜೀರಿಗೆಯ ಪುಡಿ, ಚಿಟಿಕೆ ಕರಿ ಉಪ್ಪು ಕೂಡಿದರೆ ಹಿರಿಯರಿಗೆ ರುಚಿ. ನೆನೆಸಿದ ಕಾಮಕಸ್ತೂರಿ ಬೀಜ ಮಕ್ಕಳಿಗೆ ಪ್ರಿಯ. ಎಳನೀರಿಗೂ, ಹಾಲಿಲ್ಲದ ಆರಿದ ಚಹಾದ ಡಿಕಾಕ್ಷನ್ನಿಗೂ ಇದು ಹೊಂದುತ್ತದೆ. ಹಾಲಿಗೆ ಮಾತ್ರ ಬೆರೆಸಬಾರದು, ಒಡೆದುಹೋಗುವುದು. ಮಂಜುಗಡ್ಡೆಯೂ ಕುದಿಸಿ ಆರಿಸಿದ ನೀರಿನದೇ ಆಗಿರಲಿ.

ಸವಿಯೆಂದು ಮಿತಿ ಮರೆಯಬಾರದು. ಮೇಲಿನ ಅಳತೆಯ ಒಂದು ಲೋಟದಲ್ಲಿ ಸುಮಾರು 13 ಗ್ರಾಂ ಸಕ್ಕರೆ ಇರುವುದು. ನಾಲ್ಕು ಲೋಟವಾದರೆ 50 ಗ್ರಾಂ ದಾಟಿತು. ವಯಸ್ಕರು ದಿನವೊಂದಕ್ಕೆ ಸೇವಿಸಬಹುದಾದ ಸಕ್ಕರೆಯ ಸಾಮಾನ್ಯ ಮೇಲ್ಮಿತಿಯೇ ಸರಿಸುಮಾರು ಅಷ್ಟು. ಮಧುಮೇಹಿಗಳಾದ ಹಿರಿಯರಿಗೆ ತಾಜಾ ನಿಂಬೆ ಹಿಂಡಿ ಉಪ್ಪು ಬೆರೆಸಿದ ನೀರನ್ನೇ ಕೊಡುವುದು ಪ್ರೀತಿಯ ಲಕ್ಷಣ. ಬಿಸಿಲಿನ ಹೊಡೆತಕ್ಕೆ ಎಚ್ಚರ ತಪ್ಪಿದವರ ಬಾಯಿಗೆ ಯಾವ ಪಾನೀಯವನ್ನೂ ಹಾಕಬಾರದು. ನೆರಳಿಗೆ ಒಯ್ದು, ಒದ್ದೆ ಬಟ್ಟೆಯಿಂದ ಮೈ ತಂಪು ಮಾಡುತ್ತ ವೈದ್ಯರಲ್ಲಿಗೆ ಸಾಗಿಸಬೇಕು.

ಅಂಗಡಿಯಲ್ಲಿ ಕೊಳ್ಳುವವರು ಶೀಶೆಯ ಮೇಲಿನ ಚೀಟಿಯನ್ನು ಓದಬೇಕು. ಕಾರ್ಡಿಯಲ್ ಎನ್ನಿಸಿಕೊಳ್ಳಲು ನೂರಕ್ಕೆ 25 ಪಾಲಾದರೂ ಹಣ್ಣಿನ ರಸವಿರಬೇಕೆಂಬುದು ಭಾರತದ ಆಹಾರ ನಿಯಮ. ಮನೆಯ ಶೀಶೆಯ ಮೇಲೂ ತುಂಬಿದ ತಾರೀಖು ಬರೆದಿಟ್ಟರೆ ಮರೆವಿಗೆ ಎಡೆಯಿರದು. ಆಗ ಮೇ ತಿಂಗಳ ನಡುಹಗಲಿನಲ್ಲಿ ಐದು ಮಂದಿ ನೆಂಟರು ಒಮ್ಮೆಗೇ ಬಂದಿಳಿದರೂ ಮನೆಯಾಕೆ ತಲೆ ಎಣಿಸುವುದಿಲ್ಲ, ಲೋಟ ಎಣಿಸುತ್ತಾಳೆ.