ಬಾಲ್ಕನಿಯ ಬಸಳೆ ಮತ್ತು ಕೆಳಮನೆಯವರ ಹಕ್ಕು

ಜೂನ್ 5ರ ಪರಿಸರ ದಿನ ಸಮೀಪಿಸಿದಾಗ ಮಸೀದಿಗಳ ಪ್ರವಚನಗಳಲ್ಲಿ ಗಿಡ ನೆಡುವುದರ ಮಹತ್ವ ಕೇಳಿಬರುತ್ತದೆ. ಮುಸ್ಲಿಮನೊಬ್ಬ ನೆಟ್ಟ ಗಿಡದಿಂದ ಮನುಷ್ಯನೋ ಹಕ್ಕಿಯೋ ಪ್ರಾಣಿಯೋ ತಿಂದರೆ ಅದು ಆತನ ಪಾಲಿಗೆ ಸದಕಾ ಆಗುತ್ತದೆಂಬ ಪ್ರವಾದಿ(ಸ)ರ ಬೋಧನೆಯನ್ನು ನಾನೂ ಮದ್ರಸದಲ್ಲಿ ಎಷ್ಟೋ ಬಾರಿ ಕಲಿಸಿದ್ದೇನೆ. ಆದರೆ ಕಲಿಯುವ ಮಕ್ಕಳಲ್ಲಿ ಅನೇಕರು ಮಂಗಳೂರಿನ ಫ್ಲ್ಯಾಟ್‌ಗಳಲ್ಲಿ ಬೆಳೆಯುವವರು, ಅವರಿಗೆ ಅಂಗಳವೆಂಬುದಿಲ್ಲ. “ಉಸ್ತಾದ್, ನಾವು ಎಲ್ಲಿ ನೆಡುವುದು?” ಎಂದು ಹುಡುಗನೊಬ್ಬ ಕೇಳಿದ. ಆ ಪ್ರಶ್ನೆಯೇ ಮೂರನೇ ಮಹಡಿಯ ನನ್ನ ಬಾಲ್ಕನಿಗೆ ಕುಂಡಗಳನ್ನು ತಂದಿತು.

ನಮ್ಮ ಕೆಂಪು ಮಣ್ಣನ್ನಷ್ಟೇ ತುಂಬಿದರೆ ಕುಂಡ ಭಾರವಾಗುತ್ತದೆ, ಮಣ್ಣು ಗಟ್ಟಿಯಾಗಿ ಬೇರು ಉಸಿರುಗಟ್ಟುತ್ತದೆ. ಮಣ್ಣು, ತೆಂಗಿನ ನಾರಿನ ಪುಡಿ, ಎರೆಗೊಬ್ಬರಗಳನ್ನು ಸಮನಾಗಿ ಬೆರೆಸಿದೆ. ಮಾರುಕಟ್ಟೆಯಿಂದ ತಂದ ಬಸಳೆಯ ದಂಟನ್ನೇ ಊರಿದೆ. ಸೊಪ್ಪು ಬಿಡಿಸಿದ ಪುದೀನದ ಕಡ್ಡಿ ಲೋಟದ ನೀರಿನಲ್ಲೇ ಬೇರುಬಿಟ್ಟಿತು. ಮೆಣಸಿನ ಗಿಡಕ್ಕೆ ಅಸರ್ ವೇಳೆಯ ಪಡುವಣ ಬಿಸಿಲು ಸಾಕಾಯಿತು.

ನೀರು ಹಾಕುವಾಗ ಮಾತ್ರ ನಾನು ಕೆಳಗೆ ನೋಡಿರಲಿಲ್ಲ. ಒಂದು ಬೆಳಿಗ್ಗೆ ಕೆಳಮನೆಯ ಹಿರಿಯ ಮಹಿಳೆ ಕೆಸರಿನ ಕಲೆಯಾದ ಬಿಳಿ ಹೊದಿಕೆಯನ್ನು ಹಿಡಿದು ಬಾಗಿಲಿಗೆ ಬಂದರು. “ಮಾಸ್ಟ್ರೇ, ನಿಮ್ಮ ಗಿಡದ ನೀರು ನನ್ನ ಬಟ್ಟೆಗೂ ಬೀಳುತ್ತದಲ್ಲಾ” ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ನನಗೆ ಅದೇ ಹೆಚ್ಚು ನಾಚಿಕೆಯಾಯಿತು. ಯಾರ ಉಪದ್ರವದಿಂದ ನೆರೆಯವರಿಗೆ ನೆಮ್ಮದಿಯಿಲ್ಲವೋ ಆತನ ವಿಶ್ವಾಸವೇ ಪೂರ್ಣವಲ್ಲವೆಂದು ಕಲಿಸುವವನೂ ನಾನೇ ತಾನೆ? ಸದಕಾದ ಆಸೆಯಲ್ಲಿ ಹಕ್ಕನ್ನು ಮರೆತಿದ್ದೆ. ಗಿಡ ನೆಡುವುದು ಐಚ್ಛಿಕ ಪುಣ್ಯ; ನೆರೆಯವರಿಗೆ ತೊಂದರೆ ಕೊಡದಿರುವುದು ಕಡ್ಡಾಯ. ನಮ್ಮ ಪ್ರವಚನಗಳಲ್ಲಿ ಮೊದಲನೆಯದನ್ನು ಹೇಳುವಷ್ಟು ಒತ್ತಿ ಎರಡನೆಯದನ್ನು ನಾವು ಹೇಳುವುದಿಲ್ಲ ಎಂಬುದು ನನ್ನ ಅನಿಸಿಕೆ.

ಕುಂಡಗಳ ಅಡಿಗೆ ತಟ್ಟೆಗಳನ್ನಿಟ್ಟೆ. ಅಲ್ಲಿಗೆ ಮುಗಿಯಿತೆಂದುಕೊಂಡರೆ ತಪ್ಪು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅಂತಹ ತಟ್ಟೆಯ ನಿಂತ ನೀರೇ ತವರು; ಮೊಟ್ಟೆ ಒಡೆದು ಸೊಳ್ಳೆಯಾಗಿ ಹಾರಲು ಒಂದು ವಾರ, ಹತ್ತು ದಿನ ಸಾಕು. ಮೊಟ್ಟೆಗಳು ತಟ್ಟೆಯ ಅಂಚಿಗೆ ಅಂಟಿಕೊಳ್ಳುವುದರಿಂದ ನೀರು ಚೆಲ್ಲಿದರಷ್ಟೇ ಸಾಲದು, ಉಜ್ಜಬೇಕು. ನಮ್ಮಲ್ಲಿ ಪ್ರತಿ ಶುಕ್ರವಾರ ಬೆಳಿಗ್ಗೆ ಮಗಳು ಈ ಕೆಲಸ ಮಾಡುತ್ತಾಳೆ. (ಗಿಡ ತಂದು ಫೋಟೋ ತೆಗೆಯುವವರು ಗಂಡಸರು, ಆರೈಕೆ ಮಾಡುವವರು ಹೆಂಗಸರು ಎಂಬ ನನ್ನ ಪತ್ನಿಯ ಆಕ್ಷೇಪಕ್ಕೆ ಉತ್ತರ ನನ್ನಲ್ಲಿಲ್ಲ.)

ವುಝೂವಿನ ನೀರನ್ನು ಪಾತ್ರೆಯಲ್ಲಿ ಹಿಡಿದು ಗಿಡಗಳಿಗೆ ಹಾಕುತ್ತೇವೆ. ಪ್ರವಾದಿ(ಸ)ರು ವುಝೂಗೆ ಬಳಸುತ್ತಿದ್ದುದು ಒಂದು ಮುದ್ದ್ ನೀರು. ಮದ್‌ಹಬ್‌ಗಳ ಲೆಕ್ಕದಲ್ಲಿ ವ್ಯತ್ಯಾಸವಿದ್ದರೂ ಹೆಚ್ಚೆಂದರೆ ಒಂದು ಲೀಟರಿನ ಆಸುಪಾಸು. ನಾನು ನಳ್ಳಿ ತೆರೆದು ವುಝೂ ಮಾಡಿದಾಗ ಪಾತ್ರೆ ಎಷ್ಟು ಬೇಗ ತುಂಬಿತೆಂದು ಹೇಳಿಕೊಳ್ಳಲು ಸಂಕೋಚವಾಗುತ್ತದೆ.

ಹಣ್ಣಾದ ಮೆಣಸಿಗೆ ಪಿಕಳಾರ ಹಕ್ಕಿಗಳು ಬರುತ್ತವೆ. ಹಕ್ಕಿಗಳಿಗೆ ಖಾರ ತಟ್ಟುವುದಿಲ್ಲ. ಬಲೆ ಕಟ್ಟೋಣವೆಂದು ಮಗ ಹೇಳಿದ, ಬೇಡವೆಂದೆ.

ಕಳೆದ ವಾರ ಕೆಳಮನೆಯವರು ಮೇಲೆ ಬಂದು ಬಸಳೆಯ ಎರಡು ದಂಟು ಕೇಳಿ ಕೊಂಡೊಯ್ದರು. ಅವರ ಬಾಲ್ಕನಿಗೆ ಬಿಸಿಲು ಕಡಿಮೆ. ಚಿಗುರುವುದೋ ಇಲ್ಲವೋ, ನೋಡಬೇಕು.