ಒಳರಸ್ತೆಗಳನ್ನು ಅಗಲ ಮಾಡಬೇಡಿ, ಗಟ್ಟಿ ಮಾಡಿ

ಮಲೆನಾಡಿನ ರಸ್ತೆಗಳ ಮಾತು ಬಂದಾಗಲೆಲ್ಲ ನಾವು ಘಾಟಿಗಳ ಹೆಸರು ಹೇಳುತ್ತೇವೆ. ಶಿರಾಡಿ ಕುಸಿಯಿತು, ಚಾರ್ಮಾಡಿ ಬಂದ್ ಆಯಿತು, ಆಗುಂಬೆಯಲ್ಲಿ ಲಾರಿ ಸಿಕ್ಕಿಹಾಕಿಕೊಂಡಿತು ಎಂಬ ಸುದ್ದಿಗಳನ್ನು ಪ್ರತಿ ಮಳೆಗಾಲವೂ ಓದುತ್ತೇವೆ. ಈ ಹೆದ್ದಾರಿಗಳ ನಡುವೆ ಊರಿಂದೂರಿಗೆ, ತೋಟದಿಂದ ತೋಟಕ್ಕೆ ಹಬ್ಬಿರುವ ಒಳರಸ್ತೆಗಳು ಸುದ್ದಿಯಾಗುವುದು ಕಡಿಮೆ. ಆದರೆ ಸೈಕಲ್ ತುಳಿಯುವವರಿಗೆ ಕರ್ನಾಟಕದಲ್ಲಿ ಇವಕ್ಕಿಂತ ಒಳ್ಳೆಯ ರಸ್ತೆಗಳಿಲ್ಲ. ಅವು ಹೀಗೇ ಉಳಿಯಬೇಕಾದರೆ ನಾವು ಈಗಲೇ ಬಾಯಿ ಬಿಟ್ಟು ಕೇಳಬೇಕು.

ಶೃಂಗೇರಿಯಿಂದ ಜಯಪುರದ ಮೇಲೆ ಬಾಳೆಹೊನ್ನೂರಿಗೆ ಹೋಗುವ ದಾರಿಯನ್ನೇ ನೋಡಿ. ಹೊರಡುವುದು ತುಂಗೆಯ ದಡದಿಂದ, ತಲುಪುವುದು ಭದ್ರೆಯ ದಡಕ್ಕೆ. ಗಂಗಾಮೂಲದ ಒಂದೇ ಬೆಟ್ಟಸಾಲಿನಲ್ಲಿ ಹುಟ್ಟಿ ಬೇರೆ ಬೇರೆ ದಿಕ್ಕು ಹಿಡಿದ ಎರಡು ಹೊಳೆಗಳು ಕೂಡಲಿಯಲ್ಲಿ ಮತ್ತೆ ಸೇರುವ ಮೊದಲು, ಅವುಗಳ ನಡುವಿನ ಏರುತಗ್ಗುಗಳನ್ನೆಲ್ಲ ನಮ್ಮ ತೊಡೆಗಳೇ ಅಳೆಯುತ್ತವೆ. ಬಾಳೆಹೊನ್ನೂರಿನಿಂದ ಮಾಗುಂಡಿಯ ಮೇಲೆ ಕಳಸಕ್ಕೆ ಹೋಗುವ ರಸ್ತೆ ಇನ್ನೊಂದು. ತೀರ್ಥಹಳ್ಳಿ–ಕೊಪ್ಪ ರಸ್ತೆಯಲ್ಲಿ ಗಡಿಕಲ್ಲಿನ ಬಳಿ ಒಳಕ್ಕೆ ತಿರುಗಿದರೆ ಕುಪ್ಪಳಿ, ಕವಿಶೈಲ. ಕಳಸದಿಂದ ಸಂಸೆಯ ಚಹಾ ತೋಟ ದಾಟಿ ಮುಂದೆ ಹೋದರೆ ಕುದುರೆಮುಖ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಅಲ್ಲಿ ಅದಿರು ಗಣಿ ನಿಂತಿತು. ಈಗ ಶೋಲಾ ಕಾಡು, ಹುಲ್ಲುಗಾವಲಿನ ನಡುವೆ ಅರಣ್ಯ ಇಲಾಖೆಯ ತಪಾಸಣಾ ಗೇಟುಗಳನ್ನು ಹಾದು ಹೋಗುವ ದಾರಿ ಅದು.

ಇಂಥ ರಸ್ತೆಯ ಚಡಾವಿನಲ್ಲಿ, ಅತಿ ಹಗುರದ ಗೇರಿನಲ್ಲಿ, ಸೈಕಲ್ಲಿನ ವೇಗ ಗಂಟೆಗೆ ಏಳೆಂಟು ಕಿಲೋಮೀಟರ್. ಜೋರಾಗಿ ನಡೆಯುವವರಿಗಿಂತ ತುಸುವೇ ಹೆಚ್ಚು. ಆ ವೇಗದಲ್ಲಿ ಊರು ತನ್ನನ್ನು ಪೂರ್ತಿ ತೋರಿಸಿಕೊಳ್ಳುತ್ತದೆ. ಕೊನೆ ಕೊಯ್ಲಿನ ದಿನಗಳಾದರೆ ಅಡಿಕೆ ಬೇಯುವ ಹಂಡೆಯಿಂದ ಚೊಗರಿನ ವಾಸನೆ ರಸ್ತೆಯವರೆಗೂ ಬರುತ್ತದೆ. ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತವರ ಮಾತು, ನಗು ಕಿವಿಗೆ ಬೀಳುತ್ತದೆ. ಮಾರ್ಚಿನಲ್ಲೋ ಏಪ್ರಿಲಿನಲ್ಲೋ ಒಂದು ಹದಮಳೆ ಬಿದ್ದು ವಾರ ಕಳೆಯುವಷ್ಟರಲ್ಲಿ ಕಾಫಿ ಗಿಡಗಳು ಬೆಳ್ಳಗೆ ಹೂವಾಗಿ, ಮೈಲುಗಟ್ಟಲೆ ಆ ಪರಿಮಳದೊಳಗೇ ಪೆಡಲ್ ತುಳಿಯುತ್ತೇವೆ. ಏದುಸಿರು ಬಿಡುತ್ತ ದಣಪೆಯ ಪಕ್ಕ ನಿಂತರೆ, ‘ಎಲ್ಲಿಂದ ಬಂದ್ರಿ? ಆಸ್ರಿಗೆ ಏನಾದ್ರೂ ಕೊಡ್ಲಾ?’ ಎಂದು ಕೇಳುವ ಅಮ್ಮನೊಬ್ಬರು ಇದ್ದೇ ಇರುತ್ತಾರೆ. ಬೆಲ್ಲದ ತುಂಡು, ಒಂದು ಚೊಂಬು ನೀರು. ಕಾರಿನ ಗಾಜು ಏರಿಸಿಕೊಂಡು ಹೋಗುವವರಿಗೆ ಈ ಮಾತು ಕೇಳುವುದಿಲ್ಲ.

ಈ ರಸ್ತೆಗಳ ಮೌನ ಬರೀ ಮನಸ್ಸಿನ ಹಿತಕ್ಕಲ್ಲ, ಜೀವ ಕಾಯುವುದಕ್ಕೂ ಬೇಕು. ಸದ್ದಿಲ್ಲದ ರಸ್ತೆಯಲ್ಲಿ ಹಿಂದಿನಿಂದ ಬರುವ ಜೀಪು ಎರಡು ತಿರುವು ಹಿಂದಿರುವಾಗಲೇ ಕೇಳುತ್ತದೆ. ಅಂಚಿಗೆ ಸರಿಯಲು, ಬೇಕಾದರೆ ಇಳಿದು ನಿಲ್ಲಲು ಸಮಯ ಸಿಗುತ್ತದೆ. ವಾಹನ ಎಡೆಬಿಡದೆ ಬರತೊಡಗಿದರೆ ಒಂದರ ಸದ್ದಿನಲ್ಲಿ ಇನ್ನೊಂದು ಮುಳುಗುತ್ತದೆ. ಆಮೇಲೆ ಕಿವಿಯಿಂದ ಪ್ರಯೋಜನವಿಲ್ಲ. ತಲೆಯ ಮೇಲೆ ಹುಲ್ಲುಹೊರೆ ಹೊತ್ತವರಿಗೂ, ಕೈಹಿಡಿದುಕೊಂಡು ಶಾಲೆಗೆ ಹೋಗುವ ಅಕ್ಕತಮ್ಮಂದಿರಿಗೂ, ಡೇರಿಗೆ ಹಾಲು ಒಯ್ಯುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಸೈಕಲ್ ಸವಾರನಿಗೆ ಒಳ್ಳೆಯದಾದ ರಸ್ತೆ ಇವರೆಲ್ಲರಿಗೂ ಒಳ್ಳೆಯದು ಎಂಬುದೇ ನನ್ನ ವಾದದ ಬುಡ.

ಹಾಗಿದ್ದೂ ಅಭಿವೃದ್ಧಿ ಎಂದಾಗ ನಮಗೆ ಮೊದಲು ನೆನಪಾಗುವುದು ಅಗಲೀಕರಣ. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ 2000ದಲ್ಲಿ ಶುರುವಾದಾಗಿನಿಂದ ಗ್ರಾಮೀಣ ರಸ್ತೆಯ ಅಗಲ ಸಾಮಾನ್ಯವಾಗಿ 3.75 ಮೀಟರ್, ವಾಹನ ತೀರಾ ಕಡಿಮೆಯಿದ್ದಲ್ಲಿ 3 ಮೀಟರ್. ಎದುರಿಗೆ ಬಸ್ಸು ಬಂದರೆ ಒಬ್ಬರು ನಿಂತು ದಾರಿ ಬಿಡಲೇಬೇಕು. ಬೆಟ್ಟದ ರಸ್ತೆಯಲ್ಲಿ ಜಾಗ ಸಾಲದಿದ್ದರೆ ಇಳಿಯುವ ವಾಹನ ಹತ್ತುವ ವಾಹನಕ್ಕೆ ದಾರಿ ಬಿಡಬೇಕೆಂದು ಮೋಟಾರು ವಾಹನ ನಿಯಮವೇ ಹೇಳುತ್ತದೆ. ನಮ್ಮ ಹಳ್ಳಿಯ ಬಸ್ ಚಾಲಕರಿಗೆ ಇದು ರಕ್ತಗತ. ಇಕ್ಕಟ್ಟು ಇರುವುದರಿಂದಲೇ ಎಲ್ಲರೂ ನಿಧಾನಿಸುತ್ತಾರೆ, ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅದೇ ರಸ್ತೆಯನ್ನು ಎರಡು ಪಟ್ಟು ಅಗಲ ಮಾಡಿ ನುಣುಪಾಗಿಸಿದರೆ ತಿರುವು ಮಾತ್ರ ಹಾಗೇ ಇರುತ್ತದೆ, ವೇಗ ಏರುತ್ತದೆ.

ಅಗಲ ಮಾಡಲು ಧರೆ ಕಡಿಯಬೇಕು. ಮಲೆನಾಡಿನ ಇಳಿಜಾರಿನಲ್ಲಿ ಬಂಡೆಯ ಮೇಲೆ ದಪ್ಪನೆಯ ಮಣ್ಣಿನ ಹೊದಿಕೆಯಿದೆ. ಅದನ್ನು ಹಿಡಿದಿಟ್ಟಿರುವುದು ಮರದ ಬೇರು ಮತ್ತು ಬೆಟ್ಟದ ಸಹಜ ಓರೆ. ಜೆಸಿಬಿ ಬಂದು ಅದನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದು ಹೋದರೆ, ಮಳೆನೀರು ಕುಡಿದು ಭಾರವಾದ ಮಣ್ಣಿಗೆ ಕೆಳಗಡೆ ಆಸರೆ ಇರುವುದಿಲ್ಲ. ಚತುಷ್ಪಥದ ಕೆಲಸ ನಡೆದ ಸಕಲೇಶಪುರದ ದೋಣಿಗಾಲ್ ಬಳಿ ಹೆದ್ದಾರಿ ಮತ್ತೆ ಮತ್ತೆ ಕುಸಿದದ್ದನ್ನು ನೋಡಿದ್ದೇವೆ. ಅಂಕೋಲಾದ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡವೇ ಹೆದ್ದಾರಿಯ ಮೇಲೆ ಜಾರಿ ಬಂದು, ಜನ, ವಾಹನ, ಚಹಾದಂಗಡಿ ಎಲ್ಲವೂ ಗಂಗಾವಳಿಯ ಪಾಲಾದವು. ರಾಷ್ಟ್ರೀಯ ಹೆದ್ದಾರಿಗೇ ಈ ಗತಿಯಾದರೆ, ಪಂಚಾಯಿತಿಯ ಒಳರಸ್ತೆಯ ಧರೆ ಕುಸಿದಾಗ ಮಣ್ಣು ತೆಗೆಯಲು ಯಾರು, ಎಷ್ಟು ದಿನಕ್ಕೆ ಬರುತ್ತಾರೆ?

‘ನಿಮಗೇನು, ವಾರಕ್ಕೊಮ್ಮೆ ಸೈಕಲ್ ತಂದು ಹೋಗುತ್ತೀರಿ. ರಾತ್ರಿ ಹೆರಿಗೆ ನೋವು ಬಂದರೆ ಆಂಬುಲೆನ್ಸ್ ಬರಬೇಡವೇ?’ ಎಂದು ಊರಿನವರು ಕೇಳುವುದು ನ್ಯಾಯ. ಆ ಪ್ರಶ್ನೆಗೆ ಉತ್ತರ ಕೊಡದೆ ರಸ್ತೆಯ ಸೊಬಗಿನ ಬಗ್ಗೆ ಬರೆಯುವ ಹಕ್ಕು ಯಾರಿಗೂ ಇಲ್ಲ. ಆಂಬುಲೆನ್ಸನ್ನು ತಡೆಯುವುದು ಹೆಚ್ಚಾಗಿ ಹೊಂಡ, ಕೊಚ್ಚಿಹೋದ ಮೋರಿ, ಮುಳುಗಿದ ಸೇತುವೆ. ಭದ್ರೆ ತುಂಬಿ ಬಂದಾಗ ಕಳಸ–ಹೊರನಾಡು ನಡುವಿನ ಹೆಬ್ಬಾಳೆ ಸೇತುವೆ ಮುಳುಗಿ ದಾರಿ ಕಡಿದುಹೋಗುವುದು ಅಲ್ಲಿಯವರ ಹಳೆಯ ಗೋಳು. ಕಾಲುಸಂಕದ ಮೇಲೆ ಮಕ್ಕಳನ್ನು ದಾಟಿಸುವ ಊರುಗಳು ಇನ್ನೂ ಇವೆ. ಎತ್ತರದ ಸೇತುವೆ, ಗಟ್ಟಿ ಮೋರಿ, ಮಳೆಗೆ ಮುಂಚೆ ಹೂಳೆತ್ತಿದ ಚರಂಡಿ, ಹೊಂಡವಿಲ್ಲದ ಡಾಂಬರು, ಎದುರುಬದುರು ವಾಹನ ಬಂದಾಗ ಸರಿದು ನಿಲ್ಲಲು ಅಲ್ಲಲ್ಲಿ ಒಂದಿಷ್ಟು ಜಾಗ: ರೋಗಿಗೂ ಇವು ಬೇಕು, ಸೈಕಲ್ಲಿಗೂ ಇವು ಬೇಕು. ಅಗಲೀಕರಣಕ್ಕೆ ಇಡುವ ಹಣವನ್ನು ಮೊದಲು ಇವಕ್ಕೆ ಇಡಲಿ.

ರಸ್ತೆಯ ಮೇಲಿನ ವಾಹನ ಕಡಿಮೆಯಾಗಬೇಕಾದರೆ ಬಸ್ಸು ಇರಬೇಕು. ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಸಹಕಾರ ಸಾರಿಗೆಯ ಬಸ್ಸುಗಳು ಈ ಒಳರಸ್ತೆಗಳ ಜೀವನಾಡಿಯಾಗಿದ್ದವು. 2020ರಲ್ಲಿ ಆ ಸಂಸ್ಥೆ ನಿಂತುಹೋಯಿತು. ಬಸ್ಸು ತಪ್ಪಿದ ಮನೆಗೆ ಸ್ಕೂಟರೋ ಕಾರೋ ಅನಿವಾರ್ಯ. ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ 2006–07ರಿಂದ ಉಚಿತ ಸೈಕಲ್ ಕೊಡುತ್ತಿತ್ತು. ಮಲೆನಾಡಿನ ಮಕ್ಕಳು ಗೇರಿಲ್ಲದ ಆ ಸೈಕಲ್ಲನ್ನು ಚಡಾವಿನಲ್ಲಿ ತಳ್ಳಿ, ಇಳುಕಲಿನಲ್ಲಿ ಹತ್ತಿ ಶಾಲೆ ಮುಟ್ಟಿದರು. ಕೋವಿಡ್ ಕಾಲಕ್ಕೆ ಆ ಯೋಜನೆ ನಿಂತಿತು. ಅದನ್ನು ಮತ್ತೆ ಶುರುಮಾಡಬೇಕು, ಬೆಟ್ಟದ ತಾಲ್ಲೂಕುಗಳಿಗೆ ಗೇರಿರುವ ಸೈಕಲ್ಲನ್ನೇ ಕೊಡಬೇಕು. ರಸ್ತೆ ತಮ್ಮದೆಂದು ಮಕ್ಕಳಿಗೆ ಅನ್ನಿಸಬೇಕಾದರೆ ಅವರ ಕಾಲಿನ ಕೆಳಗೆ ಪೆಡಲ್ ಇರಬೇಕು.

ಬ್ರಿಟನ್ನಿನಲ್ಲಿ 2000ದ ಸಾರಿಗೆ ಕಾಯ್ದೆ ಹಳ್ಳಿಯ ಕಿರುದಾರಿಗಳನ್ನು ‘ಕ್ವೈಟ್ ಲೇನ್’ ಎಂದು ಗುರುತಿಸುವ ಅಧಿಕಾರವನ್ನು ಸ್ಥಳೀಯ ಆಡಳಿತಕ್ಕೆ ಕೊಟ್ಟಿತು. ನಡೆಯುವವರು, ಸೈಕಲ್ ಸವಾರರು, ಕುದುರೆ ಸವಾರರು, ವಾಹನದವರು ನಿಧಾನವಾಗಿ ಹಂಚಿಕೊಂಡು ಬಳಸುವ ದಾರಿಗಳವು. ಫ್ರಾನ್ಸಿನ ಆಲ್ಪ್ಸ್‌ನಲ್ಲಿ ಬೇಸಿಗೆಯ ಕೆಲವು ಬೆಳಿಗ್ಗೆ ಕಣಿವೆದಾರಿಗಳನ್ನು ಸೈಕಲ್ಲಿಗಷ್ಟೇ ಬಿಟ್ಟುಕೊಡುತ್ತಾರೆ. ನಮ್ಮಲ್ಲೂ ಇಂಥ ನಿರ್ಧಾರಗಳು ಹೊಸತಲ್ಲ. ಬಂಡೀಪುರದಲ್ಲಿ ವನ್ಯಜೀವಿಗಳಿಗಾಗಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ಸಂಚಾರ ನಿರ್ಬಂಧ 2009ರಿಂದ ಇದೆ. ಕಾಡುಪ್ರಾಣಿಗಾಗಿ ಹೆದ್ದಾರಿಯನ್ನೇ ಮುಚ್ಚಬಲ್ಲ ನಾಡಿಗೆ, ಶಾಲೆಮಕ್ಕಳಿಗಾಗಿ ಒಳರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ಮಿತಿ ಹಾಕುವುದು ಕಷ್ಟವೇ? ಊರಿನ ಲಾರಿ, ಟ್ರ್ಯಾಕ್ಟರ್ ಬಿಟ್ಟು ಬೇರೆ ಭಾರಿ ವಾಹನಗಳಿಗೆ ಅಲ್ಲಿ ಪ್ರವೇಶ ಬೇಡ. ಹತ್ತು ನಿಮಿಷ ಉಳಿಯುತ್ತದೆಂದು ಮೊಬೈಲ್ ಮ್ಯಾಪ್ ತೋರಿಸಿದ ಕಡೆಗೆಲ್ಲ ವಾರಾಂತ್ಯದ ಕಾರುಗಳು ನುಗ್ಗದಂತೆ ಮುಖ್ಯರಸ್ತೆಯ ತಿರುವಿನಲ್ಲೇ ಫಲಕ ಹಾಕಲಿ.

ಸೈಕಲ್ ಹಿಡಿದು ಬರುವ ನಮಗೂ ಕರ್ತವ್ಯಗಳಿವೆ. ಇಪ್ಪತ್ತು ಜನರ ಗುಂಪು ಕಟ್ಟಿಕೊಂಡು, ಹಿಂದೆ ಹಾಡು ಹಾಕಿದ ಕಾರು ಬಿಟ್ಟುಕೊಂಡು ಬರುವುದು ಬೇಡ. ಇಬ್ಬರು ಮೂವರು ಸಾಕು. ಮೂಡಿಗೆರೆ, ಆಲ್ದೂರು, ಸಕಲೇಶಪುರದ ಕಡೆ ಆನೆ ಓಡಾಟವಿದೆ. ಕತ್ತಲಲ್ಲಿ ಹೊರಡಬಾರದು, ಊರಿನವರು ಬೇಡವೆಂದ ದಾರಿಗೆ ಹೋಗಲೇಬಾರದು. ಇಳುಕಲಿನಲ್ಲಿ ಪಾಚಿ, ಒದ್ದೆ ಎಲೆ, ಬಿದ್ದ ಅಡಿಕೆ ಹಾಳೆ ಇರುತ್ತವೆ. ಬ್ರೇಕನ್ನು ತಿರುವಿಗೆ ಮೊದಲೇ ಹಿಡಿಯಬೇಕು. ತಿಂಡಿ, ಚಹಾ ಅಲ್ಲಿಯ ಅಂಗಡಿಯಲ್ಲೇ ಆಗಲಿ. ನಾವು ಖರ್ಚು ಮಾಡುವ ಹಣ ದೊಡ್ಡ ರೆಸಾರ್ಟಿನ ಗೇಟಿನೊಳಗೆ ಹೋಗದೆ ಆ ರಸ್ತೆಯ ಬದಿಯಲ್ಲೇ ಉಳಿದರೆ, ರಸ್ತೆಯನ್ನು ಹಾಗೇ ಉಳಿಸಿಕೊಳ್ಳಲು ಊರಿಗೂ ಒಂದು ಕಾರಣ ಸಿಗುತ್ತದೆ.

ಯಾವ ರಸ್ತೆ ಅಗಲವಾಗಬೇಕು ಎಂಬ ಪಟ್ಟಿ ಪ್ರತಿ ವರ್ಷ ಶಾಸಕರ ಕಚೇರಿಯಲ್ಲಿ ತಯಾರಾಗುತ್ತದೆ. ಯಾವ ರಸ್ತೆ ಅಗಲವಾಗಬಾರದು, ಎಲ್ಲಿ ಮೋರಿ ಬೇಕು, ಎಲ್ಲಿ ವೇಗ ತಗ್ಗಬೇಕು ಎಂಬ ಪಟ್ಟಿಯನ್ನು ಈ ಸಲ ಗ್ರಾಮಸಭೆಗಳು ಬರೆಯಲಿ. ಚಿಕ್ಕಮಗಳೂರು, ಶಿವಮೊಗ್ಗ, ಹಾಸನ, ಕೊಡಗು ಜಿಲ್ಲೆಗಳ ಪ್ರತಿ ತಾಲ್ಲೂಕು ಮೊದಲು ಒಂದೊಂದು ದಾರಿಯನ್ನು ಆರಿಸಿಕೊಂಡು, ಮುಂದಿನ ಮಳೆಗಾಲದೊಳಗೆ ಅದನ್ನು ಅಗಲಿಸದೆ ಗಟ್ಟಿ ಮಾಡಿ ತೋರಿಸಲಿ. ಅದಕ್ಕೆ ಬೇಕಾಗಿರುವುದು ಗ್ರಾಮಸಭೆಯ ಒಂದು ನಿರ್ಣಯ ಮತ್ತು ಅದನ್ನು ಗೌರವಿಸುವ ಒಬ್ಬ ಎಂಜಿನಿಯರ್.